ಟೊಮೇಟೊ ಗಿಡಗಳಿಗೆ ಕಟ್ಟಿದ ಅಂಗಿ

ಬೆಳಿಗ್ಗೆ ಹಲ್ಲುಜ್ಜುತ್ತಾ ಹಿತ್ತಲಿಗೆ ಬಂದವಳು ಬ್ರಷ್ಷನ್ನು ಬಾಯಲ್ಲೇ ಮರೆತು ನಿಂತುಬಿಟ್ಟಳು.

ನಿನ್ನೆಯಷ್ಟೇ ಕಾಯಿಯ ಭಾರಕ್ಕೆ ಬಾಗತೊಡಗಿದ್ದ ಟೊಮೇಟೊ ಗಿಡಗಳೆಲ್ಲ ಕೋಲಿಗೆ ಆತು ನೆಟ್ಟಗೆ ನಿಂತಿದ್ದವು. ಪ್ರತಿ ಗಿಡದ ನಡುವಿಗೂ ಒಂದು ತಿಳಿನೀಲಿ ಬಟ್ಟೆಯ ಪಟ್ಟಿ, ಅದಕ್ಕೊಂದು ಅಚ್ಚುಕಟ್ಟಾದ ಗಂಟು. ಆ ನೀಲಿ ಅವಳಿಗೆ ಗೊತ್ತು. ಬಟ್ಟೆ ಅಂಗಡಿಯಲ್ಲಿ ಥಾನಿನ ಮೇಲೆ ಥಾನು ಬಿಚ್ಚಿಸಿ, ಬಾಗಿಲ ಬೆಳಕಿಗೆ ಹಿಡಿದು ನೋಡಿ, ಅಂಗಡಿ ಯಜಮಾನರ ಕೈಲಿ ಗೊಣಗಿಸಿಕೊಂಡು ಆರಿಸಿದ ನೀಲಿ ಅದು. ನಿನ್ನೆ ಸಂಜೆಯವರೆಗೆ ಒಂದು ಅಂಗಿಯ ಕಟಿಂಗ್ ಆಗಿತ್ತು. ಇವತ್ತು ಟೊಮೇಟೊಗಳ ಸೊಂಟಪಟ್ಟಿ.

ಬ್ರಷ್ಷನ್ನು ಕೈಗೆ ತೆಗೆದು "ರೀ!" ಎಂದು ಕೂಗಿದಳು. "ರೀ, ಇಲ್ಲಿ ಬನ್ರೀ ಸ್ವಲ್ಪ!"

ಬೀನ್ಸ್ ಚಪ್ಪರದ ಹಿಂದಿನಿಂದ ಅವನು ಬಂದ. ಬಲಗೈಯಲ್ಲಿ ಬಕೆಟ್ಟು. ಬಕೆಟ್ಟಿಲ್ಲದೆ ಅವನನ್ನು ಕಂಡವರು ಬೀದಿಯಲ್ಲಿ ಯಾರೂ ಇಲ್ಲ. ಹಾಗಾಗಿ ಅವನ ಹೆಸರೇ ಬಕೆಟ್ ರಾಯ. ಊರಲ್ಲಿ ಬಕೆಟ್ ಹಿಡಿಯುವ ಜನಕ್ಕೇನೂ ಬರವಿಲ್ಲ, ನಿಜವಾದ ಬಕೆಟ್ಟು ಹಿಡಿದವನು ಇವನೊಬ್ಬನೇ ಎಂದು ಜನ ನಗುತ್ತಿದ್ದರು. ಯಾರನ್ನಾದರೂ ಹೊಗಳುವುದಿರಲಿ, ಅವನು ಬಾಯಿ ಬಿಡುವುದೇ ಅಪರೂಪ.

"ಚೆನ್ನಾಗಿ ನಿಂತಿವೆ ಅಲ್ವಾ?" ಅಂದ. ಅಪ್ಪಟ ಸಂತೋಷದಿಂದ.

"ಈ ಬಟ್ಟೆ ಎಲ್ಲಿ ಸಿಕ್ತು ನಿಮಗೆ?"

"ಚೀಲದಲ್ಲಿ."

ಅದು ಈ ಮನೆಯ ಕಾನೂನು. ಎರಡು ವರ್ಷದ ಹಿಂದೆ ಅವಳು ಹೊಲಿಗೆ ಮಿಷನ್ನು ಹೊತ್ತು ಹಿತ್ತಲ ಕಡೆಯ ಕೋಣೆಗೆ ಬಾಡಿಗೆಗೆ ಬಂದ ದಿನವೇ ಅವನ ಅಜ್ಜಿ ಹೇಳಿದ್ದರು: "ಇಲ್ಲಿ ಏನನ್ನೂ ಬಿಸಾಡೋ ಹಾಗಿಲ್ಲ ಮಗಳೇ, ನನ್ನ ಮೊಮ್ಮಗ ಅಳ್ತಾನೆ." ತಮಾಷೆ ಅಂದುಕೊಂಡಿದ್ದಳು. ಅದು ತಮಾಷೆ ಆಗಿರಲಿಲ್ಲ. ತರಕಾರಿ ತೊಳೆದ ನೀರು ಬೀನ್ಸಿಗೆ, ಸಿಪ್ಪೆ ಗೊಬ್ಬರದ ಗುಂಡಿಗೆ, ಮೊಟ್ಟೆಯ ಚಿಪ್ಪು ಪುಡಿಯಾಗಿ ಮೆಣಸಿನ ಗಿಡದ ಬುಡಕ್ಕೆ. ಒಡೆದ ಮಗ್ಗಿನಲ್ಲಿ ಸಸಿ, ಹರಿದ ಛತ್ರಿಯಲ್ಲಿ ಕೋಳಿಗೂಡಿನ ಮಾಡು. ಅವಳ ಬಾಗಿಲ ಪಕ್ಕದ ಚೀಲಕ್ಕೆ ಬಿದ್ದ ಚೂರುಬಟ್ಟೆಯೆಲ್ಲ ಅವನದು. ಅದಕ್ಕೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ.

ಹಾಗಾದರೆ ಅಂಗಿ ಆ ಚೀಲಕ್ಕೆ ಹೋದದ್ದು ಹೇಗೆ? ಅವಳೇ ತುರುಕಿದ್ದು. ನಿನ್ನೆ ಕತ್ತರಿಸಿ ಮುಗಿಸುವಷ್ಟರಲ್ಲಿ ಅಜ್ಜಿ "ಮಗಳೇ" ಎನ್ನುತ್ತಾ ಒಳಗೇ ಬಂದುಬಿಟ್ಟಿದ್ದರು. ಹೆಂಗಸರ ಬಟ್ಟೆಯನ್ನೇ ಹೊಲಿಯುವವಳ ಕೋಣೆಯಲ್ಲಿ ಅಜ್ಜಿಯ ಕಣ್ಣಿಗೆ ಬಿದ್ದ ಗಂಡಸರ ಅಂಗಿ ಸಂಜೆಯೊಳಗೆ ಇಡೀ ಬೀದಿಗೆ ಗೊತ್ತಾಗುತ್ತದೆ. ಗಾಬರಿಯಲ್ಲಿ ಕೈಗೆ ಸಿಕ್ಕ ಚೀಲಕ್ಕೆ ಹಾಕಿದಳು, ಆಮೇಲೆ ಮರೆತಳು. ತನ್ನ ಮೇಲೆಯೇ ಸಿಟ್ಟು ಬಂದದ್ದರಿಂದ ಅವನ ಮೇಲೆ ಇನ್ನಷ್ಟು ಸಿಟ್ಟು ಬಂತು.

"ಅಲ್ರೀ, ತೋಳಿನ ಆಕಾರ ನೋಡಿದ್ರೂ ಗೊತ್ತಾಗ್ಲಿಲ್ವಾ ನಿಮಗೆ? ಕಾಲರ್ ನೋಡಿದ್ರೂ?"

"ಚೂರುಬಟ್ಟೆ ಎಲ್ಲಾ ಆಕಾರದಲ್ಲೂ ಇರುತ್ತಲ್ಲ." ಅವನು ಸ್ವಲ್ಪ ಯೋಚಿಸಿದ. "ಈ ಸಲ ಚೂರು ದೊಡ್ಡದಾಗಿತ್ತು. ಖುಷಿ ಆಯ್ತು."

"ಖುಷಿ ಆಯ್ತಾ? ಅದು ಒಬ್ಬರ ಅಂಗಿ ಕಣ್ರೀ!"

ಅವನ ಮುಖ ಬಾಡಿತು. ಬಕೆಟ್ಟನ್ನು ಕೆಳಗಿಟ್ಟ. "ಯಾರದ್ದು?"

ಅವಳು ಬಗ್ಗಿ ಒಂದು ಗಂಟನ್ನು ಎಳೆದು ನೋಡಿದಳು.

"ಯಾರದ್ದು ಹೇಳಿ, ನಾನೇ ಹೋಗಿ ಕರ್ಕೊಂಡು ಬರ್ತೀನಿ. ಕ್ಷಮೆ ಕೇಳ್ತೀನಿ. ಇನ್ನೊಂದು ಸಲ ಅಳತೆ ತಗೊಳ್ಳಿ. ಹತ್ತಿರದಲ್ಲೇ ಇದ್ದಾರಾ?"

"ಹತ್ತಿರದಲ್ಲೇ ಇದ್ದಾರೆ," ಅಂದಳು ಹಲ್ಲು ಕಚ್ಚಿ. "ಆದ್ರೆ ಅವರಿಗೆ ಏನು ಹೇಳಿದ್ರೂ ಅರ್ಥ ಆಗಲ್ಲ. ಆ ಥರದ ಜನ."

"ಓ," ಅಂದ ಅವನು ಮರುಕದಿಂದ. ಆಮೇಲೆ ಅವಳ ಕೈಯ ಕಡೆ ನೋಡಿದ. "ಆ ಬ್ರಷ್ ಕೂದಲು ಬಾಗಿದೆ. ಬಿಸಾಡಬೇಡಿ. ಮಿಷನ್ ಧೂಳು ತೆಗೆಯೋಕೆ ಆಗುತ್ತೆ."

ಅವಳು ತಿರುಗಿ ಒಳಗೆ ಹೋಗಿ ಬಾಗಿಲನ್ನು ದಢಾರನೆ ಹಾಕಿಕೊಂಡಳು.

ಇವತ್ತು ಸಂಜೆಯೊಳಗೆ ಅವಳು ಬಟ್ಟೆ ಅಂಗಡಿಯ ಯಜಮಾನರಿಗೆ ಉತ್ತರ ಹೇಳಬೇಕಿತ್ತು. ಅವರ ಅಂಗಡಿಯ ಮೇಲೆ ಕೋಣೆ ಖಾಲಿಯಾಗಿದೆ. ಹಗಲು ಹೊಲಿಗೆ ಕೆಲಸ, ಅಲ್ಲೇ ವಾಸ. ಅಲ್ಲಿ ನಲ್ಲಿ ತಿರುಗಿಸಿದರೆ ನೀರು ಬೀಳುತ್ತದೆ, ಬಿದ್ದ ನೀರು ತನ್ನ ಪಾಡಿಗೆ ಹೋಗುತ್ತದೆ. ಅದರ ಹಿಂದೆ ಯಾರೂ ಬಕೆಟ್ಟು ಹಿಡಿದು ಓಡುವುದಿಲ್ಲ. ಸುದ್ದಿಯನ್ನು ಹೋದ ವಾರವೇ ಅವನಿಗೆ ಹೇಳಿದ್ದಳು. ಹೇಳಿ, ಅವನ ಮುಖವನ್ನೇ ನೋಡುತ್ತಾ ನಿಂತಿದ್ದಳು. ಅವನು ಬಕೆಟ್ಟಿನ ನೀರನ್ನು ನೋಡುತ್ತಾ, "ಅಲ್ಲಿ ಬಿಸಿಲು ಬರಲ್ಲ," ಅಂದಿದ್ದ. ಅಷ್ಟೇ.

ಬಿಸಿಲು ಬರಲ್ಲವಂತೆ! ಆ ಎರಡು ಮಾತಿನ ಆಸರೆಯಲ್ಲೇ ಅವಳು ಬಟ್ಟೆ ತಂದು ಅಂಗಿ ಕತ್ತರಿಸಿದ್ದಳು. ಹೊಲಿದು ಕೈಗೆ ಕೊಟ್ಟರೆ ಆಗಲಾದರೂ ಒಂದು ಮಾತು ಹೊರಡುತ್ತದೋ ಎಂದು. ಅಳತೆಗೆ ಟೇಪು ಹಿಡಿಯುವ ಧೈರ್ಯ ಅವಳಿಗಿರಲಿಲ್ಲ. ಅದರ ಅವಶ್ಯಕತೆಯೂ ಇರಲಿಲ್ಲ. ಎರಡು ವರ್ಷ ಮಿಷನ್ ತುಳಿಯುತ್ತಾ ಕಿಟಕಿಯಿಂದ ನೋಡಿದ ಬೆನ್ನು ಅದು. ಬಗ್ಗಿದಾಗ ಎಲ್ಲಿ ಬಿಗಿಯುತ್ತದೆ, ತೋಳು ಎಲ್ಲಿಗೆ ಮುಗಿಯಬೇಕು, ಎಲ್ಲವೂ ಅವಳ ಕಣ್ಣಲ್ಲೇ ಇತ್ತು. ಅಳತೆಯೆಲ್ಲ ಗೊತ್ತು, ಹೇಗೆ ಗೊತ್ತು ಅಂತ ಹೇಳುವಂತಿಲ್ಲ; ಪ್ರೀತಿ ಬಂದ ದರ್ಜಿಗೆ ಅದಕ್ಕಿಂತ ದೊಡ್ಡ ಪೇಚು ಇನ್ನೊಂದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಟ್ಟೆಬರೆಯೆಲ್ಲ ಪೆಟ್ಟಿಗೆ ಸೇರಿತ್ತು. ಕತ್ತರಿಯನ್ನು ಸುತ್ತಿಡುವಾಗ ಕಿಟಕಿಯಾಚೆ ಹಿತ್ತಲ ಜಗಲಿಯಲ್ಲಿ ಮಾತು ಕೇಳಿಸಿತು.

"ಏನೋ ಅದು ಮಗಾ, ನೆಲದ ತುಂಬಾ ಹರಡಿದ್ದೀಯಾ?" ಅಜ್ಜಿಯ ದನಿ.

"ಅಂಗಿ, ಅಜ್ಜಿ. ನಾನೇ ಹರಿದುಬಿಟ್ಟೆ. ಗಿಡದಿಂದ ಎಲ್ಲಾ ಬಿಚ್ಚಿ ತಂದೆ. ಜೋಡಿಸಿ ಕೊಟ್ರೆ ಅಳತೆ ಆದ್ರೂ ಸಿಗುತ್ತೆ ಅವರಿಗೆ."

ಅವಳು ಪರದೆಯ ಸಂದಿಯಿಂದ ನೋಡಿದಳು. ಅವನು ಮಂಡಿಯೂರಿ ಕೂತು, ಒಂದೊಂದೇ ಪಟ್ಟಿಯನ್ನು ಅಂಗೈಯಲ್ಲಿ ತೀಡಿ ನೇರ ಮಾಡಿ, ಹರಿದ ಅಂಚಿಗೆ ಅಂಚು ಸೇರಿಸುತ್ತಿದ್ದ. ಬೆನ್ನಿನ ಭಾಗ ಆಗಲೇ ಕೂಡಿತ್ತು. ಒಂದು ತೋಳು ಮೂಡುತ್ತಿತ್ತು. ಹುಬ್ಬು ಗಂಟಿಕ್ಕಿದ್ದ ಆ ಮುಖವನ್ನು ನೋಡಿ ಅವಳ ಸಿಟ್ಟು ಕರಗಲು ಹೊರಟಿತು. ಅವಳು ಬಿಡಲಿಲ್ಲ.

"ಪಾಪ ಅಜ್ಜಿ, ಯಾರೋ ಏನೋ," ಅಂದ ಅವನು. "ನೋಡು ಇಲ್ಲಿ, ಬಲಗಡೆ ಭುಜ ಎಡಕ್ಕಿಂತ ಎಷ್ಟು ಇಳಿದಿದೆ. ಹುಟ್ಟಿನಿಂದಲೇ ಹಾಗೇನೋ."

ಅಜ್ಜಿ ಬಗ್ಗಿ ನೋಡಿದರು. ಅಂಗಿಯನ್ನು ನೋಡಿದರು, ಮೊಮ್ಮಗನನ್ನು ನೋಡಿದರು, ಮತ್ತೆ ಅಂಗಿಯನ್ನು ನೋಡಿದರು.

"ಮಗಾ, ಸ್ವಲ್ಪ ಎದ್ದು ನಿಂತ್ಕೋ."

"ಯಾಕಜ್ಜಿ?"

"ನಿಂತ್ಕೊಳೋ ಅಂದ್ರೆ! ಈಗ ಆ ಬಕೆಟ್ ಎತ್ಕೋ. ಯಾವ ಕೈಲಿ ಎತ್ತಿದೆ?"

"ಬಲಗೈಲಿ. ಯಾವಾಗ್ಲೂ ಬಲಗೈಲೇ..."

ಅವನು ತನ್ನ ಬಲಭುಜವನ್ನು ನೋಡಿಕೊಂಡ. ನೆಲದ ಮೇಲಿನ ಅಂಗಿಯನ್ನು ನೋಡಿದ. ಕುತ್ತಿಗೆಯಿಂದ ಕಿವಿಯವರೆಗೆ ಕೆಂಪು ಏರುವುದು ಕಿಟಕಿಯವರೆಗೂ ಕಾಣಿಸಿತು. ಅಜ್ಜಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಾ ಒಳಗೆ ಹೋದರು.

ಸಿಕ್ಕಿಬಿದ್ದೆ ಎಂದುಕೊಂಡಳು ಅವಳು. ಪರದೆ ಬಿಟ್ಟು ಮೂಲೆಗೆ ಸರಿದಳು.

ಬಾಗಿಲು ತಟ್ಟಿದ ಸದ್ದು. ತೆರೆದರೆ ಅವನು. ಕೈಯಲ್ಲಿ ಬಕೆಟ್ಟಿರಲಿಲ್ಲ. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಒಮ್ಮೆ ಹಿಂದೆ ಕಟ್ಟಿದ, ಒಮ್ಮೆ ಮುಂದೆ ಕಟ್ಟಿದ. ಅವನ ಕಣ್ಣು ಅವಳ ಭುಜದಾಚೆ ಪೆಟ್ಟಿಗೆಯ ಮೇಲೆ ಬಿತ್ತು.

"ಹೋಗ್ಬೇಡಿ," ಅಂದ.

"ಯಾಕೆ?"

ಅವನು ಒದ್ದಾಡಿದ. "ನೀವು ಹೋದ್ರೆ... ಚೂರುಬಟ್ಟೆ ಸಿಗಲ್ಲ."

ಅವಳು ಬಾಗಿಲು ಮುಚ್ಚಹೋದಳು. ಅವನು ಕಾಲು ಅಡ್ಡ ಇಟ್ಟ.

"ಅಯ್ಯೋ, ಅದಲ್ಲ, ಅದಲ್ಲ! ತಡೀರಿ."

"ಎರಡು ವರ್ಷದಿಂದ ತಡೆದಿದ್ದೀನಿ!" ಅವಳು ಬಾಗಿಲನ್ನು ಪೂರ್ತಿ ತೆರೆದಳು. "ನೀರು ಉಳಿಸ್ತೀರಿ, ಸಿಪ್ಪೆ ಉಳಿಸ್ತೀರಿ, ಹರಿದಿದ್ದು ಮುರಿದಿದ್ದು ಎಲ್ಲಾ ಉಳಿಸ್ತೀರಿ. ಸರಿ, ಒಳ್ಳೇದು. ಆದ್ರೆ ಮಾತನ್ನೂ ಹಾಗೇ ಉಳಿಸಿಟ್ಕೊಂಡು ಏನ್ರೀ ಮಾಡ್ತೀರಿ? ಗೊಬ್ಬರದ ಗುಂಡಿಗೆ ಹಾಕ್ತೀರಾ? ನಾನು ಹೋಗ್ತೀನಿ ಅಂದ್ರೆ ಬಿಸಿಲು ಬರಲ್ಲ ಅಂತೀರಿ. ನಿಮ್ಮನ್ನ ಕಟ್ಕೊಂಡು..."

ಕಟ್ಟಿಕೊಂಡು ಎಂಬಲ್ಲಿಗೆ ಅವಳಿಗೇ ಮುಂದೆ ಹೋಗಲಾಗಲಿಲ್ಲ. ಇಬ್ಬರೂ ನೆಲ ನೋಡಿದರು.

"ಬೆಳಿಗ್ಗೆ ಎದ್ದ ತಕ್ಷಣ ನಿಮ್ಮ ಮಿಷನ್ ಸದ್ದಿಗೆ ಕಿವಿ ಕೊಡ್ತೀನಿ," ಅಂದ ಅವನು ನಿಧಾನವಾಗಿ. ಮೊದಲ ಮಾತು ಹೊರಬಿದ್ದ ಮೇಲೆ ಉಳಿದವು ಒಂದರ ಹಿಂದೊಂದು ನುಗ್ಗಿದವು. "ಆ ಸದ್ದು ಬಂದ್ಮೇಲೇ ಈ ಕಡೆ ನೀರು ಹಾಕೋಕೆ ಬರೋದು. ಬೀನ್ಸಿಗೆ ಅಷ್ಟು ನೀರು ಬೇಕಾಗೇ ಇಲ್ಲ. ನಿಮ್ಮ ಕಿಟಕಿ ಎದುರಿಗಿದೆ ಅಂತ ಬರ್ತೀನಿ. ಕಳೆದ ತಿಂಗಳು ಅರ್ಧ ಬೀನ್ಸು ಬೇರು ಕೊಳೆತು ಹೋಯ್ತು. ನೀವಿಲ್ಲದೆ ನನಗೆ ಆಗಲ್ಲ. ನನಗೆ ನೀವು ಬೇಕು. ಈ ಮನೇಲಿ, ನನ್ನ ಜೊತೆ, ಯಾವಾಗ್ಲೂ."

ಅವಳಿಗೆ ಅಳು ಬಂತು. ಜೊತೆಗೇ ನಗುವೂ ಬಂದದ್ದರಿಂದ ಮುಖ ತಿರುಗಿಸಿ ಕಿಟಕಿಯಾಚೆ ನೋಡಿದಳು. ನೋಡಿದವಳು ಚೀರಿದಳು.

"ರೀ! ಟೊಮೇಟೊ!"

ಕಟ್ಟು ಬಿಚ್ಚಿದ ಗಿಡಗಳೆಲ್ಲ ಕಾಯಿಯ ಭಾರಕ್ಕೆ ನೆಲಕ್ಕೊರಗಿದ್ದವು. ಕೆಲವು ಟೊಂಗೆಗಳು ಮುರಿದಿದ್ದವು. ಹಣ್ಣಾದವು ಒಡೆದು ಮಣ್ಣಲ್ಲಿ ಹೊರಳಿದ್ದವು, ಕೋಳಿಗಳು ಆಗಲೇ ಪಂಕ್ತಿಗೆ ಕೂತಿದ್ದವು.

"ಬಿಚ್ಚೋವಾಗ ಬೀಳುತ್ತೆ ಅಂತ ಗೊತ್ತಾಗ್ಲಿಲ್ವಾ ನಿಮಗೆ?"

"ಗೊತ್ತಿತ್ತು."

"ಮತ್ತೆ?"

"ಬೀಳಲಿ," ಅಂದ. ಅವನು ಕಿಟಕಿಯ ಕಡೆ ತಿರುಗಿಯೂ ನೋಡಲಿಲ್ಲ. ಅವಳನ್ನೇ ನೋಡುತ್ತಿದ್ದ. "ನೀವು ಬೆಳಿಗ್ಗೆ ಅಳೋ ಹಾಗಿದ್ರಿ. ಅದಕ್ಕೇ ಬಿಚ್ಚಿದೆ."

ಬೀಳಲಿ! ಒಂದು ಹನಿ ನೀರು ಚೆಲ್ಲಿದರೆ ಕಣ್ಣಲ್ಲಿ ನೀರು ತಂದುಕೊಳ್ಳುವ ಮನುಷ್ಯ. ಯಾರದೋ ಅಂಗಿ ಎಂದುಕೊಂಡೇ, ಅವಳ ಮುಖ ಬಾಡಿತೆಂದು, ತನ್ನ ಒಂದಿಡೀ ಸಾಲು ಬೆಳೆಯನ್ನು ಮಣ್ಣುಪಾಲು ಮಾಡಿದ್ದ. ಯಾರಾದರೂ ಅವಳಿಗೆ ಮುತ್ತಿನ ಸರ ತಂದುಕೊಟ್ಟಿದ್ದರೂ ಮನಸ್ಸು ಇಷ್ಟು ತುಂಬುತ್ತಿರಲಿಲ್ಲ.

ಆದರೆ ಹೇಳಿದ್ದು ಬೇರೆ. "ಬೀಳಲಿ ಅಂತೆ! ತಿಂಗಳುಗಟ್ಟಲೆ ಬೆಳೆದು ಕೋಳಿಗೆ ಹಾಕ್ತೀರಾ? ದುಂದುವೆಚ್ಚಕ್ಕೂ ಒಂದು ಮಿತಿ ಬೇಡ್ವಾ? ನಡೀರಿ!"

ಜಗಲಿಯ ಮೇಲೆ ಅವನು ಅಷ್ಟು ಜತನದಿಂದ ಜೋಡಿಸಿದ್ದ ಅಂಗಿಯನ್ನು ಅವಳು ಒಂದೇ ಸಲಕ್ಕೆ ಬಾಚಿ ಎತ್ತಿಕೊಂಡಳು. ಅವನು "ಅಯ್ಯೋ, ಅಳತೆ" ಅಂದ.

"ಅದು ನನ್ನ ಕಣ್ಣಲ್ಲಿದೆ. ನೀವು ಗಿಡ ಎತ್ತಿ ಹಿಡ್ಕೊಳ್ಳಿ, ನಾನು ಕಟ್ತೀನಿ."

ಸಾಲಿನ ಉದ್ದಕ್ಕೂ ಹಾಗೇ ನಡೆಯಿತು. ಅವನು ಗಿಡವನ್ನು ಮೆಲ್ಲಗೆ ಎತ್ತಿ ಕೋಲಿಗೆ ಆನಿಸುವುದು, ಅವಳು ಅವನ ಬೆರಳುಗಳ ಸುತ್ತಲೇ ಪಟ್ಟಿ ಬಳಸಿ ತಂದು ಗಂಟು ಹಾಕುವುದು. ಒಮ್ಮೆ ಅವನ ಹೆಬ್ಬೆರಳೂ ಗಂಟಿನೊಳಗೆ ಸೇರಿತು. ಬಿಚ್ಚುವ ಅವಸರ ಇಬ್ಬರಿಗೂ ಇರಲಿಲ್ಲ. ನಡುವೆ ಯಜಮಾನರ ಫೋನ್ ಬಂತು. ಅವಳು ಮಣ್ಣಿನ ಕೈಯಲ್ಲೇ ಎತ್ತಿ, "ಕೋಣೆ ಬೇರೆಯವರಿಗೆ ಕೊಡಿ ಯಜಮಾನ್ರೇ. ಆ ನೀಲಿ ಬಟ್ಟೆ ಇನ್ನೂ ಇದ್ಯಾ? ಒಂದು ಅಂಗಿಗಾಗುವಷ್ಟು ತೆಗೆದಿಡಿ," ಅಂದಳು. ಅವನು ಒಂದು ಟೊಮೇಟೊ ಎಲೆಯನ್ನು ಬಹಳ ಗಮನವಿಟ್ಟು ನೋಡುತ್ತಾ ನಿಂತಿದ್ದ. ಮುಖ ತುಂಬಾ ನಗು.

ಅಜ್ಜಿ ಅಡಿಗೆಮನೆ ಬಾಗಿಲಿಂದ ಕೂಗಿದರು: "ಒಡೆದ ಹಣ್ಣೆಲ್ಲಾ ಆರಿಸಿ ತನ್ನಿ, ಸಾರಿಗಾಗುತ್ತೆ!"

ಕೈ ತೊಳೆಯಲು ಅವಳು ನಲ್ಲಿ ತಿರುಗಿಸಿದಳು. ನೀರು ಬೀಳುವ ಮೊದಲೇ ಅವಳ ಕೈ ಕೆಳಗೆ ಬಕೆಟ್ಟು ಬಂದು ನಿಂತಿತ್ತು. ತಲೆಯೆತ್ತಿ ನೋಡಿದಳು. ಅವನು ತಪ್ಪು ಮಾಡಿದವನಂತೆ ಕಣ್ಣು ಪಿಳಿಪಿಳಿ ಬಿಟ್ಟ.

"ಅಭ್ಯಾಸ," ಅಂದ.

"ದೇವರೇ," ಅಂದಳು. ಆದರೆ ಬಕೆಟ್ಟನ್ನು ಸರಿಸಲಿಲ್ಲ. ತುಂಬಿದ ಮೇಲೆ ಅವನು ಬಲಗೈ ಚಾಚಿದ. ಅವಳು ಆ ಕೈಗೆ ಮೆಲ್ಲಗೆ ಒಂದು ಏಟು ಕೊಟ್ಟಳು.

"ಎಡಗೈಲಿ ಹಿಡ್ಕೊಳ್ಳಿ. ಆ ಭುಜಕ್ಕೆ ಸ್ವಲ್ಪ ವಿಶ್ರಾಂತಿ ಸಿಗಲಿ."

ಅವನು ಎಡಗೈಯಲ್ಲಿ ಎತ್ತಿದ. ಅಭ್ಯಾಸವಿಲ್ಲದೆ ನೀರು ತುಳುಕಿ ಇಬ್ಬರ ಕಾಲ ಮೇಲೂ ಚೆಲ್ಲಿತು. ಅವನು ಚೆಲ್ಲಿದ ನೀರನ್ನು ನೋಡಲಿಲ್ಲ.

"ಭುಜ ಸರಿಹೋದ್ರೆ ನಿಮ್ಮ ಅಳತೆ ತಪ್ಪುತ್ತಲ್ಲ?"

"ತಪ್ಪಲಿ," ಅಂದಳು ಅವಳು. "ಮತ್ತೆ ತಗೊಳ್ತೀನಿ."