ವಿಡಿಯೋ ಭಂಡಾರದಲ್ಲಿ ಎಮ್ಮೆ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ವಿಡಿಯೋ ಭಂಡಾರದ ಮಾಲೀಕರು ಹರಳೆಣ್ಣೆ ಕುಡಿದ ಮುಖ ಹೊತ್ತು ಠಾಣೆಗೆ ಬಂದರು.

"ನಮ್ಮಲ್ಲಿ ಎರಡು ಲಕ್ಷ ಗಂಟೆ ವಿಡಿಯೋ ಇದೆ ಸ್ವಾಮಿ. ಏನು ಬೇಕೋ ಟೈಪ್ ಮಾಡಿದ್ರೆ ಯಂತ್ರ ಆ ದೃಶ್ಯಾನೇ ಹುಡುಕಿ ಕೊಡುತ್ತೆ. ನಿನ್ನೆ ಅತಿಥಿಗಳ ಮುಂದೆ 'ಮೆಲುಕು ಹಾಕುವ ಎಮ್ಮೆ' ಅಂತ ಹಾಕಿದೆ."

"ಬಂತಾ?" ಇನ್ಸ್‌ಪೆಕ್ಟರ್ ಕೇಳಿದರು.

"ನಾನು ಬಂದೆ. ಭಾಷಣ ಮಾಡ್ತಾ. ನಲವತ್ತು ಸಲ."

ದೂರು ಬರೆದುಕೊಳ್ಳುತ್ತಿದ್ದ ಪೇದೆ ಪೆನ್ನು ಬಿದ್ದ ನೆಪದಲ್ಲಿ ಮೇಜಿನಡಿಗೆ ಹೋಗಿ ನಕ್ಕು ಬಂದ.

ಎಫ್‌ಐಆರ್ ಆಯಿತು. ಮಧ್ಯಾಹ್ನ ಒಂದಕ್ಕೆ ಸ್ಥಳ ಪಂಚನಾಮೆ. ಕಿಟಕಿಯಿಲ್ಲದ ಕೋಣೆ, ಹದಿಮೂರು ಮೇಜು, ಹದಿಮೂರು ಹೆಂಗಸರು. ಪ್ರತಿ ದೃಶ್ಯ ನೋಡಿ, ಅದರಲ್ಲಿ ಏನಿದೆಯೆಂದು ವಿವರ ಬರೆಯುವುದು ಇವರ ಕೆಲಸ. ಆ ವಿವರಗಳನ್ನು ತಿಂದೇ ಯಂತ್ರಕ್ಕೆ ಬುದ್ಧಿ ಬಂದದ್ದು. ಪಾಸ್‌ವರ್ಡ್ ಮಾತ್ರ ಎಲ್ಲರಿಗೂ ಒಂದೇ.

"ವಿವರ ಬದಲಾಯಿಸಿದ್ದು ಯಾರು?" ಇನ್ಸ್‌ಪೆಕ್ಟರ್ ಕೇಳಿದರು.

ಹದಿಮೂರು ಜೋಡಿ ಕಣ್ಣುಗಳೂ ಪರದೆಗೆ ಅಂಟಿಕೊಂಡವು.

"ಹದಿಮೂರನ್ನೂ ಒಳಗೆ ಹಾಕಿ!" ಮಾಲೀಕರು ಗುಡುಗಿದರು. "ಹೇಗೂ ತಿಂಗಳ ಕೊನೆಗೆ ಎಲ್ಲರೂ ಮನೆಗೆ. ಯಂತ್ರ ತಾನೇ ಕಲಿತಾಯ್ತು."

ಮೂಲೆಯಲ್ಲೊಂದು ಕ್ಯಾಮೆರಾ ಇತ್ತು. ಅದರ ಆರು ತಿಂಗಳ ವಿಡಿಯೋ ಕೂಡ ಭಂಡಾರಕ್ಕೇ ಸೇರಿತ್ತು. ಅಷ್ಟನ್ನೂ ನೋಡಬೇಕಲ್ಲ ಎಂದು ಪೇದೆ ತಲೆ ಮೇಲೆ ಕೈ ಹೊತ್ತ.

"ಹುಡುಕೋ ಯಂತ್ರ ಎದುರಿಗೇ ಇದೆಯಲ್ಲಪ್ಪಾ," ಎಂದ ಇನ್ಸ್‌ಪೆಕ್ಟರ್, 'ಭಾಷಣದ ವಿವರ ತಿದ್ದುತ್ತಿರುವ ಹೆಂಗಸು' ಎಂದು ಟೈಪ್ ಮಾಡಿದರು.

ಒಂದೇ ದೃಶ್ಯ ಬಂತು. ಕೆಳಗೆ ವಿವರ: 'ಬುಧವಾರ, 1.40. ಮೂರನೇ ಮೇಜು, ದಪ್ಪ ಕನ್ನಡಕ. ಭಾಷಣದ ವಿವರ ಒಬ್ಬಳೇ ತಿದ್ದುತ್ತಿದ್ದಾಳೆ. ಉಳಿದ ಹನ್ನೆರಡು ಜನ ಊಟಕ್ಕೆ ಹೋಗಿದ್ದಾರೆ.'

"ಇದನ್ನ ಬರೆದವರು?"

"ಅಕ್ಕಾ, ಸುಮ್ನೆ ಕೂತ್ಕೊ!" ಯಾರೋ ಪಿಸುಗುಟ್ಟಿದರು. ದಪ್ಪ ಕನ್ನಡಕದಾಕೆ ಆಗಲೇ ಎದ್ದಿದ್ದರು.

"ನಾನೇ ಸಾರ್."

"ನಿಮ್ಮ ಮೇಲೆ ನೀವೇ ಸಾಕ್ಷಿ ಬರ್ಕೊಂಡ್ರಾ, ತಾಯಿ?"

"ವಿವರ ಬರೆಯೋಕೆ ಆ ವಿಡಿಯೋ ನನ್ನ ಪಾಲಿಗೇ ಬಂತು. ಕಂಡದ್ದನ್ನ ಬರೀದೆ ಬಿಟ್ಟು ಅಭ್ಯಾಸ ಇಲ್ಲ."

"ಮತ್ತೆ ಮಾಲೀಕರನ್ನ ಎಮ್ಮೆ ಅಂದ್ರಲ್ಲಾ?"

"ಅದೂ ನೋಡಿಯೇ ಬರೆದದ್ದು. ನಲವತ್ತು ಭಾಷಣದಲ್ಲೂ ಅದನ್ನೇ ಮೆಲುಕು ಹಾಕಿದ್ದಾರೆ."

ಇನ್ಸ್‌ಪೆಕ್ಟರ್ ಕೆಮ್ಮಿದರು. ಬಹಳ ಹೊತ್ತು ಕೆಮ್ಮಿದರು.

4.15ಕ್ಕೆ ಬಂಧನವಾಯಿತು. ಉಳಿದ ಹನ್ನೆರಡು ಜನರನ್ನು ತನಿಖೆಯಿಂದ ಕೈಬಿಡಲಾಯಿತು. ಆಕೆಯ ಹೇಳಿಕೆಯನ್ನು ಇನ್ಸ್‌ಪೆಕ್ಟರ್ ತಮ್ಮ ಕೈಯಾರೆ ಬರೆದರು: ಯಂತ್ರ ತಾನಾಗಿಯೇ ಕಲಿಯಿತೆಂದು ಮಾಲೀಕರು ನಲವತ್ತು ಭಾಷಣಗಳಲ್ಲಿ ಹೇಳಿದ್ದರು. ಹನ್ನೊಂದು ವರ್ಷ ಕಣ್ಣು ಸವೆಸಿ ಕಲಿಸಿದವರ ಮಾತು ಅವುಗಳಲ್ಲಿ ಎಲ್ಲಾದರೂ ಬಂದಿದೆಯೇ ಎಂದು ಆಕೆ ಅದೇ ಯಂತ್ರದಲ್ಲಿ ಹುಡುಕಿದ್ದರು. ಒಂದು ದೃಶ್ಯವೂ ಸಿಕ್ಕಿರಲಿಲ್ಲ.