ಸಪಾಟಯ್ಯನ ಮೂಗು

ಬಹಳ ಹಿಂದೆ, ಆಕಾಶಕ್ಕೂ ನೆಲಕ್ಕೂ ಇನ್ನೂ ಬಣ್ಣ ಹಂಚಿ ಮುಗಿಯದಿದ್ದ ಕಾಲದಲ್ಲಿ, ಚೌಕಪುರವೆಂಬ ರಾಜ್ಯವಿತ್ತು. ಅಲ್ಲಿ ಗಿಡ, ಮನೆ, ಮನುಷ್ಯರು, ಎಲ್ಲವೂ ಪುಟ್ಟ ಪುಟ್ಟ ಚೌಕ ಹರಳುಗಳಿಂದ ಆದವು. ಬಾಯಿ ಎಂದರೆ ಒಂದೇ ಕೆಂಪು ಹರಳು. ಅದು ಹಿಗ್ಗುವುದೂ ಇಲ್ಲ, ಬಾಗುವುದೂ ಇಲ್ಲ. ಕೆನ್ನೆ ಉಬ್ಬಿ, ಅದರ ಕೆಳಗೆ ನೆರಳಿನ ಹರಳು ಮೂಡಿದರೆ ಅದೇ ನಗು.

ಆ ಊರಿಗೊಂದು ಕಟ್ಟಳೆಯಿತ್ತು. ಒಳಗಿದ್ದವರು ನಕ್ಕು ಕರೆದರೆ ಮಾತ್ರ ಹೊರಗಿನವರು ಒಳಗೆ ಹೋಗಬೇಕು. ನಗು ಕಾಣದೆ ಕಾಲಿಟ್ಟರೆ ಹೊಸ್ತಿಲೇ ಗೋಡೆಯಾಗಿ ಎದ್ದು ನಿಲ್ಲುತ್ತಿತ್ತು.

ಒಂದು ಮಧ್ಯಾಹ್ನ ಸಪಾಟಯ್ಯನೆಂಬ ಮಾಂತ್ರಿಕ ಊರವರ ಮುಖದ ನೆರಳನ್ನೆಲ್ಲ ಕದ್ದು ಗಡಿಗೆಯಲ್ಲಿ ತುಂಬಿಕೊಂಡು ಗುಡ್ಡ ಹತ್ತಿದ. ಊರಿನ ಮುಖಗಳೆಲ್ಲ ರೊಟ್ಟಿಯಂತೆ ಚಪ್ಪಟೆಯಾದವು. ನೀರಿಗೆ ಹೋಗಿದ್ದ ನಿಂಬೆವ್ವ ಕೊಡ ಹೊತ್ತು ಬಂದರೆ, ಬಾಗಿಲಲ್ಲಿ ಅವಳ ಅವ್ವ ಸಾಂತವ್ವ ನಿಂತಿದ್ದಾಳೆ.

"ಅವ್ವಾ, ನಗಾಕತ್ತೀಯೋ ಅಳಾಕತ್ತೀಯೋ?"

"ನಗಾಕತ್ತೀನಿ ತಾಯಿ! ನಕ್ಕು ನಕ್ಕು ಕೆನ್ನಿ ನೋವಾತು. ರೊಟ್ಟಿ ಆರಾಕತ್ತಾವ, ಬಾ!"

ನಿಂಬೆವ್ವ ಕಾಲೆತ್ತಿದಳು, ಗೋಡೆ ಎದ್ದಿತು. ಕಾಲು ತೆಗೆದಳು, ಗೋಡೆ ಇಳಿಯಿತು. ಊರೆಲ್ಲ ಇದೇ ಪಾಡು. ಒಬ್ಬ ಮದುಮಗನಂತೂ ಬಾಸಿಂಗ ಕಟ್ಟಿಕೊಂಡು ಮಾವನ ಮನೆ ಮುಂದೆ ಬಿಸಿಲು ಕಾಯುತ್ತಿದ್ದ.

ನಿಂಬೆವ್ವ ಒಲೆಯ ಮಸಿ ತರಿಸಿ, ಹೊರಗಿನಿಂದಲೇ ಕೈ ಚಾಚಿ ಅವ್ವನ ಕೆನ್ನೆಯ ಕೆಳಗೆ ಕಪ್ಪು ಹರಳು ಕೂಡಿಸಿದಳು. ಸಾಂತವ್ವ ಕೊಡದ ನೀರಿನಲ್ಲಿ ಮುಖ ನೋಡಿಕೊಂಡು ಕಿರುಚಿದಳು. "ಅಯ್ಯ, ರೊಟ್ಟಿ ಹಂಚಿನ ಮಸಿ ತಿಕ್ಕಿದಂಗ ಆತಲ್ಲ ನನ್ನ ಮಾರಿ!" ಹೊಸ್ತಿಲೂ ಒಪ್ಪಲಿಲ್ಲ.

ಅವ್ವನ ಎಡಗೆನ್ನೆಯಲ್ಲಿ ನಕ್ಕಾಗೊಂದು ಗುಳಿ ಬೀಳುತ್ತಿತ್ತು. ಅದನ್ನು ಇನ್ನೆಂದೂ ನೋಡಲಾರೆನೇನೋ ಎಂದು ನಿಂಬೆವ್ವನಿಗೆ ಅಳು ಬಂತು. ಬಂದ ಅಳುವೂ ಮುಖದ ಮೇಲೆ ಕಾಣಲಿಲ್ಲ. ಸಪಾಟಯ್ಯ ಗಡಿಗೆ ಹೊತ್ತು ಹೋದ ದಾರಿಯನ್ನು ಊರವರಿಂದ ಕೇಳಿಕೊಂಡು, ಅವಳು ಸೆರಗು ಬಿಗಿದು ಗುಡ್ಡದ ಕಡೆ ಹೊರಟಳು.

ಗುಡ್ಡದ ಬುಡದಲ್ಲಿ, ಮುಖ ಚಪ್ಪಟೆಯಾಗಿದ್ದ ಹಳದಿ ಸಿಂಹ ಅಡ್ಡ ಮಲಗಿತ್ತು. ಪಕ್ಕದಲ್ಲಿ ಎಲ್ಲ ಬಣ್ಣದ ಹರಳುಗಳ ರಾಶಿ. "ನನ್ನ ಮುಖಕ್ಕೆ ನೆರಳು ಹಾಕು, ದಾರಿ ಬಿಡ್ತೀನಿ. ಕೆಡಿಸಿದರೆ ತಿಂತೀನಿ" ಎಂದಿತು. ನಿಂಬೆವ್ವನ ಕೈ ಕಪ್ಪಿನ ಕಡೆ ಹೋಯಿತು. ಅವ್ವ ಕಿರುಚಿದ್ದು ನೆನಪಾಗಿ ನಿಂತಿತು. ಹತ್ತಿರವೇ ಅರಳಿದ್ದ ಚೆಂಡುಹೂವಿನೊಳಗೆ ಇಣುಕಿದಳು. ಎಸಳುಗಳ ಸಂದಿಯಲ್ಲಿ ಹಳದಿ ಕಪ್ಪಾಗಿರಲಿಲ್ಲ, ಇಟ್ಟಿಗೆ ಬಣ್ಣಕ್ಕೆ ತಿರುಗಿತ್ತು. ಇಟ್ಟಿಗೆ ಬಣ್ಣದ ಹರಳುಗಳನ್ನು ಸಿಂಹದ ದವಡೆಯ ಕೆಳಗೆ ಕೂಡಿಸಿದಳು. ಸಿಂಹಕ್ಕೆ ಗಲ್ಲ ಬಂತು, ಗತ್ತೂ ಬಂತು. ಅದು ಎದ್ದು ದಾರಿ ಬಿಟ್ಟಿತು. ನಿಂಬೆವ್ವ ರಾಶಿಯಿಂದ ಒಂದಷ್ಟು ಹರಳುಗಳನ್ನು ಮಡಿಲಿಗೆ ತುಂಬಿಕೊಂಡು ಮುಂದೆ ನಡೆದಳು.

ಗುಡ್ಡದ ನಡುವೆ ಹಸಿರು ಹಾವು ಸುತ್ತಿ ಕೂತಿತ್ತು. ಅದಕ್ಕೂ ಮುಖ ಬೇಕಂತೆ. ಈಗ ಎಲ್ಲ ಗೊತ್ತು ಎಂಬ ಹುಮ್ಮಸ್ಸಿನಲ್ಲಿ ನಿಂಬೆವ್ವ ಕಡುನೀಲಿ ಮಿಶ್ರಿತ ಹಸಿರನ್ನು ಹಾವಿನ ಮುಖದ ಅಂಚಿಗೆಲ್ಲ ಒಂದು ಸುತ್ತು ಹಾಕಿದಳು.

"ಯಾಕವ್ವಾ, ನನ್ನನ್ನ ಸುತ್ತೂ ಅಂಚು ಹೊಲಿದ ತಲೆದಿಂಬು ಮಾಡಿದಿ?" ಎಂದು ಹಾವು ಬುಸುಗುಟ್ಟಿತು.

ನಿಂಬೆವ್ವ ನಾಲಿಗೆ ಕಚ್ಚಿಕೊಂಡು ಮೇಲೆ ನೋಡಿದಳು. ಸೂರ್ಯ ಒಬ್ಬನೇ, ಅವನೂ ಎಡಗಡೆ ಇದ್ದಾನೆ. ಎಡಗಡೆಯ ನೆರಳನ್ನೆಲ್ಲ ಕಿತ್ತು, ಅಲ್ಲಿ ಎಳೆ ಹಳದಿಯ ಹರಳು ಇಟ್ಟಳು. ಬಲಗಡೆ ಮಾತ್ರ ನೆರಳು ಉಳಿಯಿತು. ಹಾವಿನ ಮುಖ ಉಬ್ಬಿ ನಿಂತಿತು. ಅದು ಖುಷಿಯಿಂದ ಅವಳನ್ನು ಬೆನ್ನ ಮೇಲೆ ಕೂರಿಸಿಕೊಂಡು ಗುಡ್ಡದ ತುದಿಗೆ ಒಯ್ದಿತು.

ತುದಿಯಲ್ಲಿ ಒಂದು ನೀರಿನ ಹೊಂಡದ ಪಕ್ಕ ಸಪಾಟಯ್ಯ ಗಡಿಗೆ ತಬ್ಬಿಕೊಂಡು ಕೂತಿದ್ದ. ಅವನ ಮುಖವೂ ಚಪ್ಪಟೆ.

"ನೆರಳು ಯಾಕ ಕದ್ದಿ ಯಜ್ಜಾ?"

"ಸಣ್ಣವಿದ್ದಾಗ ಊರ ಹುಡುಗರು ಬದನಿಕಾಯಿ ಮೂಗಿನವ ಅಂತಿದ್ರು. ಈಗ ಯಾರಿಗೂ ಮೂಗಿಲ್ಲ, ಯಾರೂ ಅನ್ನಂಗಿಲ್ಲ. ಖರೇ ಹೇಳಬೇಕಂದ್ರ ನನಗೂ ಒಂದು ಚಂದನ್ನ ಮಾರಿ ಬೇಕು. ಮೂರೇ ಹರಳಿನಾಗ ಮಾಡು, ಗಡಿಗಿ ಕೊಡ್ತೀನಿ. ಚಂದ ಆಗಲಿಲ್ಲೋ, ನಿನ್ನ ಹಾಸುಗಲ್ಲು ಮಾಡ್ತೀನಿ."

ಮೂಗನ್ನು ಮುಚ್ಚಿದರೆ ಮುದುಕನಿಗೆ ಖುಷಿ, ಆದರೆ ಅದು ಮುಖವಾಗುವುದಿಲ್ಲ. ನಿಂಬೆವ್ವ ಎದೆ ಗಟ್ಟಿ ಮಾಡಿಕೊಂಡಳು. ನೇರಳೆ ಕಲೆತ ಕಂದು ಹರಳೊಂದನ್ನು ಮೂಗಿನ ಕೆಳಗೆ, ಇನ್ನೊಂದನ್ನು ಮೂಗಿನ ಬಲಕ್ಕೆ ಇಟ್ಟಳು. ಕೊನೆಯ ಕೆನೆಬಣ್ಣದ ಹರಳನ್ನು ಸರಿಯಾಗಿ ಮೂಗಿನ ತುದಿಗೇ ಇಟ್ಟುಬಿಟ್ಟಳು.

ಸಪಾಟಯ್ಯ ಹೊಂಡದ ನೀರಿಗೆ ಬಗ್ಗಿ ನೋಡಿದ. ಮೂಗು ಎದ್ದು ಕಂಡಿತು. ಬೈಯಲು ಹೊರಟವನು ಮೂಗನ್ನು ಮುಟ್ಟಿ ನೋಡಿಕೊಂಡ.

"ಇದು... ಇದು ನಮ್ಮವ್ವನ ಮೂಗು" ಎಂದ. "ಆಕಿ ಮಾರಿನ ಮರತಬಿಟ್ಟಿದ್ದೆ."

ಅವನು ಎಷ್ಟೋ ವರ್ಷಗಳಲ್ಲಿ ಮೊದಲ ಸಲ ನಕ್ಕ. ಕೆನ್ನೆಯ ಕೆಳಗೆ ನೆರಳು ತಾನಾಗಿಯೇ ಮೂಡಿತು. ಗಡಿಗೆ ಫಟ್ಟನೆ ಒಡೆಯಿತು. ನೆರಳಿನ ಹರಳುಗಳೆಲ್ಲ ಗುಡ್ಡವಿಳಿದು ಓಡಿ ತಮ್ಮ ತಮ್ಮ ಮುಖ ಸೇರಿಕೊಂಡವು. ಮದುಮಗ ಎಲ್ಲರಿಗಿಂತ ಮೊದಲು ಒಳಗೆ ನುಗ್ಗಿದ.

ನಿಂಬೆವ್ವ ಮುದುಕನ ಕೈ ಹಿಡಿದುಕೊಂಡು ಮನೆಗೆ ಬಂದಳು. ಸಾಂತವ್ವ ಮಗಳನ್ನು ನೋಡಿ ನಕ್ಕಳು, ಎಡಗೆನ್ನೆಯಲ್ಲಿ ಗುಳಿ ಬಿತ್ತು. ನಿಂಬೆವ್ವ ಹೊಸ್ತಿಲು ದಾಟಿ ಅವ್ವನನ್ನು ತಬ್ಬಿಕೊಂಡಳು. ಆಮೇಲೆ ಸಾಂತವ್ವ ಹೊರಗೆ ನಿಂತ ಸಪಾಟಯ್ಯನನ್ನು ನೋಡಿದಳು. ಅವಳ ಹುಬ್ಬಿನ ಕೆಳಗೆ ದಟ್ಟ ನೆರಳು ಬಿತ್ತು, ಹೊಸ್ತಿಲು ಗುರ್ ಎಂದಿತು. ಮುದುಕ ತಲೆ ತಗ್ಗಿಸಿ ನಿಂತ.

"ನಿನ್ನಿಂದ ರೊಟ್ಟಿ ಎಲ್ಲಾ ಆರಿ ಹೋದ್ವು" ಎಂದಳು ಸಾಂತವ್ವ. "ಬಾ, ಬಂದು ಬಿಸಿ ಮಾಡು."

ಹಾಗೆನ್ನುವಾಗ ಅವಳ ಎಡಗೆನ್ನೆಯಲ್ಲಿ ಮತ್ತೆ ಗುಳಿ ಬಿತ್ತು. ಹೊಸ್ತಿಲು ತೆಪ್ಪಗೆ ಮಲಗಿತು. ಅಂದಿನಿಂದ ಚೌಕಪುರದಲ್ಲಿ ಎಲ್ಲರೂ ಸುಖವಾಗಿದ್ದರು, ಸಪಾಟಯ್ಯನೂ ಮೂಗೆತ್ತಿಕೊಂಡು ಮನೆಮನೆಯಲ್ಲಿ ಉಂಡ.