ಅವನು ಬಿಟ್ಟುಕೊಟ್ಟ ಸೀಟು

"ನೆಲದಿಂದ ಕರೆ... ಕೇಳಿಸ್ತಿದೆಯಾ?"

ಗುಂಡಿ ಒತ್ತಿ ಅವಳು ಮೈಕಿಗೆ ಬಾಗಿದಳು. ಭೂಮಿ ಸುತ್ತುವ ಬಾಹ್ಯಾಕಾಶ ನಿಲ್ದಾಣದಲ್ಲಿರುವ ಯಾನಿಗಳ ಜೊತೆ ನೆಲದಿಂದ ಒಬ್ಬರೇ ಮಾತಾಡಬೇಕು. ನಿಯಂತ್ರಣ ಹಾಲ್‌ನಲ್ಲಿರುವ ಎಲ್ಲರೂ ಕೇಳುತ್ತಿರುತ್ತಾರೆ. ದಿನಾ ಆ ಕುರ್ಚಿಯಲ್ಲಿ ಕೂರುವ ಹಿರಿಯ ಅಕ್ಕನಿಗೆ ಗಂಟಲು ಕಟ್ಟಿದ್ದರಿಂದ ಇವತ್ತು ಇವಳ ಪಾಳಿ.

ಮೇಲಿನಿಂದ ಬಂದದ್ದು ಅವನದೇ ದನಿ!

"ಕೇಳಿಸ್ತಿದೆ... ಮೇಡಂ."

ಮೇಡಂ! ಕೆನ್ನೆಗೆ ಹೊಡೆದಂತಾಯಿತು. ಮದುವೆಯಾಗ್ತೀಯಾ ಎಂದು ಕೇಳಿದ ಬಾಯಲ್ಲಿ ಈ ಮಾತೇ?

ಉಡಾವಣೆಗೆ ಮುಂಚೆ ಯಾನಿಗಳಿಗೆ ಸೋಂಕು ತಗುಲದಿರಲೆಂದು ಗಾಜಿನ ಕೋಣೆಯಲ್ಲಿಡುತ್ತಾರೆ. 'ಒಪ್ಪಿಗೆಯಿದ್ದರೆ ಕೊನೇ ದಿನ ಗಾಜಿನ ಹತ್ತಿರ ಬಾ' ಎಂದಿದ್ದ ಅವನು. ಅವಳು ಓಡೋಡಿ ಹೋಗಿದ್ದಳು, ಸುಡುವ ಜ್ವರದಲ್ಲೇ! ಬಾಗಿಲಲ್ಲೇ ವೈದ್ಯರು ತಡೆದರು.

"ಅವನಿಗೆ ನಾನು ಹೇಳ್ತೀನಿ, ನೀನು ಹೋಗಮ್ಮ."

ಹೇಳಿದ್ದಾರೆಂದೇ ನಂಬಿದಳು. ಆದರೆ ಹಾರಿದವನಿಂದ ಒಂದು ಮಾತೂ ಬರಲಿಲ್ಲ. ಅವನೇ ಮೊದಲು ಮಾತಾಡಲಿ ಎಂದು ಇವಳು ಬಿಗಿದುಕೊಂಡು ಕೂತಳು. ಈ ಹಟಕ್ಕೆ ಏನೆನ್ನಬೇಕು ಹೇಳಿ!

"ಹೊರಗೇನು ಕಾಣ್ತಿದೆ?" ಅಕ್ಕ ದಿನಾ ಕೇಳುವ ಪ್ರಶ್ನೆಯನ್ನೇ ಕೇಳಿದಳು.

"ಸಮುದ್ರ... ಮೋಡದೊಳಗೆ ಮಿಂಚು ಓಡಾಡ್ತಿದೆ, ಸದ್ದೇ ಇಲ್ಲ. ಅಂಚಲ್ಲಿ ಬೆಳಗಾಗ್ತಿದೆ. ನಮ್ಮೆಲ್ಲರ ಉಸಿರಿರೋ ಗಾಳಿ ಹಾಲಿನ ಮೇಲಿನ ಕೆನೆಯಷ್ಟೇ ತೆಳು... ನೀಲಿ ಕೆನೆ. ಎಷ್ಟು ಚೆಂದ ಅಂದ್ರೆ, ಒಬ್ಬನೇ ನೋಡೋಕೆ ಸಂಕಟ ಆಗುತ್ತೆ."

ಅವಳು ಪಟ್ಟಿಯ ಮುಂದಿನ ಸಾಲು ಓದಿದಳು.

"ಮುಂದಿನ ವಾರದ ನೌಕೆಯಲ್ಲಿ ವಾಪಸು ಬರ್ತೀರಲ್ಲ, ನಿಮ್ಮ ಸೀಟು ಖಚಿತ ಮಾಡಿ."

"ಅದನ್ನ ಇಲ್ಲಿರೋ ಎಂಜಿನಿಯರಿಗೆ ಬಿಟ್ಟುಕೊಟ್ಟೆ. ಅವನ ಹೆಂಡ್ತಿಗೆ ದಿನ ತುಂಬ್ತಿದೆ. ಇವತ್ತು ಬೆಳಿಗ್ಗೆ ಅವಳಿಗೂ ಹೇಳಿಬಿಟ್ಟಿದ್ದಾನೆ. ನಾನು ಇನ್ನಾರು ತಿಂಗಳು ಇಲ್ಲೇ ಇರ್ತೀನಿ. ನನಗಾಗಿ ಕೆಳಗೆ ಕಾಯೋರು ಯಾರಿದ್ದಾರೆ?"

ಅಷ್ಟೇ! ನಿಯಮ, ಮರ್ಯಾದೆ, ಹಾಲ್ ತುಂಬ ಕೂತ ಜನ... ಎಲ್ಲ ಮರೆತುಹೋಯಿತು ಅವಳಿಗೆ.

"ನಾನು ಬಂದಿದ್ದೆ ಕಣೋ! ಜ್ವರ ಅಂತ ಬಾಗಿಲಲ್ಲೇ ತಡೆದ್ರು. ನಿಂಗೆ ಯಾರೂ ಹೇಳ್ಲೇ ಇಲ್ವಾ?"

ಹಿಂದಿನ ಸಾಲಿನಲ್ಲಿ ಅದೇ ವೈದ್ಯರು ಎದ್ದು ನಿಂತರು. ಮುಖ ಬಿಳಿಚಿಕೊಂಡಿತ್ತು.

"ಹಾರೋಕೆ ಮುಂಚೆ ಯಾನಿಯ ಮನಸ್ಸು ಕೆಡಿಸಬಾರದು ಅಂತ ಆಗ ಹೇಳ್ಲಿಲ್ಲ. ಆಮೇಲೆ... ಮರೆತೇ ಹೋಯ್ತಮ್ಮ."

ಮರೆತೇ ಹೋಯಿತಂತೆ! ಎರಡು ಜೀವ ಒದ್ದಾಡಿದ್ದು ಇವರ ಮರೆವಿಗೆ!

ಮೇಲಿನಿಂದ ಬಿಕ್ಕಳಿಕೆ ಕೇಳಿಸಿತು.

"ಗಾಜಿಗೆ ಹಣೆ ಹಚ್ಚಿ ಕಾದಿದ್ದೆ ಕಣೇ... ಸೀಟು ವಾಪಸು ಕೇಳ್ಲಾ? ಹೂಂ ಅನ್ನು, ಈಗಲೇ ಕೇಳ್ತೀನಿ."

'ಹೂಂ ಅಂದುಬಿಡೇ!' ಎಂದು ಮನಸ್ಸು ಚೀರಿತು. ಆದರೆ ಎಲ್ಲೋ ಒಬ್ಬ ತುಂಬು ಬಸುರಿ, ಗಂಡ ಬರುತ್ತಾನೆಂದು ಬೆಳಗಿನಿಂದ ಹಿಗ್ಗುತ್ತಿದ್ದಾಳೆ. ಆ ಹಿಗ್ಗನ್ನು ಕಿತ್ತುಕೊಳ್ಳುವುದು ಹೇಗೆ? ಎದೆ ಒಡೆದುಹೋಗುವಂತಿತ್ತು.

"ಬೇಡ... ಅವರೇ ಬರ್ಲಿ."

"ಆರು ತಿಂಗಳು ಕಣೇ!"

"ಗೊತ್ತು. ಅಳ್ತಾ ಇರ್ತೀನಿ... ಆದ್ರೆ ಇರ್ತೀನಿ."



"ಇಲ್ಲಿ ಕಣ್ಣೀರು ಕೆಳಗೆ ಬೀಳಲ್ಲ ಕಣೇ. ಕಣ್ಣಲ್ಲೇ ಉಂಡೆಯಾಗಿ ನಿಲ್ಲುತ್ತೆ. ಭೂಮಿನೂ ಕಾಣ್ತಿಲ್ಲ ಈಗ."

"ಬಟ್ಟೆ ತಗೊಂಡು ಒರೆಸ್ಕೊಳ್ಳೋ, ಪೆದ್ದ... ಮದುವೆ ಆದ್ಮೇಲೆ ನಾನೇ ಒರೆಸ್ತೀನಿ."